ಪರಿಮಿತ ಪರಿಗ್ರಹ: ಗೃಹಸ್ಥನ ಲೆಕ್ಕ

ಚತುರ್ದಶಿಯ ಪ್ರೋಷಧೋಪವಾಸವನ್ನು ಮುಗಿಸಿ, ಮರುದಿನ ಜಿನಪೂಜೆಯ ತರುವಾಯ ಪಾರಣೆಗೆ ಕುಳಿತ ಶ್ರಾವಕನು ಒಂದು ಸಂಗತಿಯನ್ನು ಗಮನಿಸಿರಬಹುದು. ಹಿಂದಿನ ದಿನವೆಲ್ಲ ಅನ್ನವನ್ನು ಕಾಣದ ಹೊಟ್ಟೆಯು ಎಲೆಯ ಮುಂದೆ ಬಹಳವನ್ನು ಬೇಡುವಂತೆ ತೋರುತ್ತದೆ. ಆದರೆ ನಾಲ್ಕಾರು ತುತ್ತು ಒಳಗೆ ಹೋಗುತ್ತಲೇ ಅದರ ಆತುರ ಅಡಗುತ್ತದೆ. ಇನ್ನಷ್ಟು ಬಡಿಸಬಂದ ಮನೆಯಾಕೆಗೆ ಕೈ ಅಡ್ಡಹಿಡಿದು 'ಸಾಕು' ಎನ್ನುವವನು ಅವನೇ. ಉಪವಾಸವು ಹಸಿವನ್ನು ಹೆಚ್ಚಿಸಿತೇ ಹೊರತು ಹೊಟ್ಟೆಯ ಅಳತೆಯನ್ನು ಹೆಚ್ಚಿಸಲಿಲ್ಲ. ಪುರುಷನ ಸಹಜ ಆಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂದು ಆಚಾರಶಾಸ್ತ್ರಗಳು ಲೆಕ್ಕವನ್ನೇ ಕೊಟ್ಟಿವೆ. ಅದರಲ್ಲಿ ಒಂದು ತುತ್ತನ್ನಾದರೂ ಕಡಮೆ ಮಾಡುವುದು ಅವಮೌದರ್ಯವೆಂಬ ತಪಸ್ಸು. ಲೆಕ್ಕವಿರುವುದರಿಂದಲೇ ಅಲ್ಲಿ ಕಡಮೆ ಮಾಡುವುದಕ್ಕೆ ಅವಕಾಶವಾಯಿತು.

ಧನದ ವಿಷಯದಲ್ಲಿ ಇಂತಹ ಸಹಾಯ ಒಳಗಿನಿಂದ ಒದಗುವುದಿಲ್ಲ. ಹತ್ತು ಸಾವಿರ ಬಂದಾಗ ಆದ ತೃಪ್ತಿ ಹತ್ತು ದಿನ ಉಳಿಯುತ್ತದೆ. ಲಕ್ಷ ಬಂದಾಗ ಆದದ್ದೂ ಅಷ್ಟೇ ದಿನ. ಹೊಟ್ಟೆಯು 'ಸಾಕು' ಎನ್ನುವಂತೆ ಪೆಟ್ಟಿಗೆಯು ಎನ್ನುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಐದನೆಯ ಅಣುವ್ರತಕ್ಕೆ ಪರಿಮಿತ ಪರಿಗ್ರಹವೆಂಬ ಹೆಸರಿನೊಡನೆ ಇಚ್ಛಾಪರಿಮಾಣವೆಂಬ ಮತ್ತೊಂದು ಹೆಸರನ್ನೂ ಇಟ್ಟಿರುವುದು ಈ ಕಾರಣದಿಂದಲೇ ಇರಬೇಕು. ವಸ್ತುವಿಗೆ ಅಳತೆಯನ್ನು ಗೊತ್ತುಮಾಡುವುದು ಹೊರಗಿನ ಕೆಲಸ. ಇಚ್ಛೆಗೆ ಅಳತೆಯನ್ನು ಕೊಡುವುದೇ ವ್ರತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳೂ ಪರಿಗ್ರಹದ ಲಕ್ಷಣವನ್ನು ಹೇಳುವಾಗ ಹೊನ್ನು, ಮಣ್ಣು, ದನ, ಧಾನ್ಯಗಳನ್ನು ಹೆಸರಿಸಲಿಲ್ಲ. 'ಮೂರ್ಛೆ' ಎಂಬ ಪದವನ್ನು ಬಳಸಿದರು. ಮೂರ್ಛೆ ಹೋದವನಿಗೆ ತಾನು ಮೂರ್ಛೆ ಹೋಗಿರುವುದು ತಿಳಿಯದು ಎಂಬುದೇ ಈ ರೋಗದ ಕಷ್ಟ.

ಹಾಗಾದರೆ ಬೇಕಾದುದಕ್ಕಿಂತ ಹೆಚ್ಚನ್ನು ಮನುಷ್ಯನು ಬಯಸುವುದೇಕೆ? ಇದಕ್ಕೆ ಲೋಭವೆಂಬ ಒಂದೇ ಉತ್ತರವನ್ನು ಕೊಟ್ಟು ಮುಗಿಸುವ ರೂಢಿಯುಂಟು. ಆ ಉತ್ತರ ಸುಳ್ಳಲ್ಲ, ಆದರೆ ಸಾಲದು. ಲೋಭಿ ಎಂದೊಡನೆ ಪ್ರತಿಯೊಬ್ಬನೂ ನೆರೆಮನೆಯವನನ್ನು ನೆನೆಯುತ್ತಾನೆ. ಶಾಸ್ತ್ರವು ಬಾಹ್ಯ ಪರಿಗ್ರಹವನ್ನು 10 ಬಗೆಯೆಂದೂ ಆಭ್ಯಂತರ ಪರಿಗ್ರಹವನ್ನು 14 ಬಗೆಯೆಂದೂ ಎಣಿಸಿದೆ. ಆ ಹದಿನಾಲ್ಕರಲ್ಲಿ ಲೋಭವು ಒಂದು ಮಾತ್ರ. ಭಯವೂ ಅದರಲ್ಲಿದೆ, ಶೋಕವೂ ಇದೆ, ಮಾನವೂ ಇದೆ, ಮಾಯೆಯೂ ಇದೆ. ಹೆಚ್ಚಿನ ಧನವನ್ನು ಮನೆಗೆ ಕರೆತರುವ ಬಾಗಿಲುಗಳು ಇವೆಲ್ಲ.

ಭಯವನ್ನು ಮೊದಲು ನೋಡಬೇಕು, ಏಕೆಂದರೆ ಇದರಲ್ಲಿ ಸ್ವಲ್ಪ ನ್ಯಾಯವೂ ಇದೆ. ಮಾಗಡಿ, ಕನಕಪುರಗಳ ಕಡೆಯ ಬೆದ್ದಲು ಭೂಮಿಯಲ್ಲಿ ಮಳೆಯನ್ನು ನಂಬಿ ರಾಗಿ ಬೆಳೆದವರಿಗೆ ಒಂದು ವರ್ಷದ ಬೆಳೆ ಮುಂದಿನ ವರ್ಷಕ್ಕೆ ಖಾತರಿಯಾಗಿರಲಿಲ್ಲ. ಆದುದರಿಂದ ಹಳೆಯ ಒಕ್ಕಲು ಮನೆಗಳಲ್ಲಿ ಹಗೇವು ಇರುತ್ತಿತ್ತು. ಗಟ್ಟಿ ನೆಲವನ್ನು ಅಗೆದು, ಒಳಗೆ ಅಗಲವಾಗಿಯೂ ಬಾಯಿ ಕಿರಿದಾಗಿಯೂ ಮಾಡಿದ ಆ ಗುಂಡಿಗೆ ರಾಗಿಯನ್ನು ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದರೆ ಎಷ್ಟೋ ವರ್ಷ ಕೆಡದೆ ಇರುತ್ತಿತ್ತು. ಬರಗಾಲಕ್ಕೆಂದು ಇಟ್ಟ ಈ ಧಾನ್ಯವನ್ನು ಯಾವ ಆಚಾರ್ಯರೂ ಪಾಪವೆನ್ನಲಾರರು. ಆದರೆ ಹಗೇವು ತುಂಬಿದ ಮೇಲೆ ಅದರ ಬಾಯನ್ನು ಮುಚ್ಚಲೇಬೇಕಾಗಿತ್ತು. ಮಿಕ್ಕ ರಾಗಿ ಆಳುಕಾಳಿಗೆ, ನೆಂಟರಿಗೆ, ಬೇಡಬಂದವರಿಗೆ ಹೋಗುತ್ತಿತ್ತು. ಧಾನ್ಯವು ನಾಣ್ಯವಾದಾಗ, ನಾಣ್ಯವು ಬ್ಯಾಂಕಿನ ಪುಸ್ತಕದ ಅಂಕೆಯಾದಾಗ, ಮುಚ್ಚಬೇಕಾದ ಬಾಯಿಯೇ ಇಲ್ಲದಾಯಿತು. ಅಂಕೆಯ ಬಲಗಡೆಗೆ ಇನ್ನೊಂದು ಸೊನ್ನೆಗೆ ಯಾವಾಗಲೂ ಸ್ಥಳವುಂಟು. ಒಂದು ವರ್ಷದ ಬರಕ್ಕೆ ಅಂಜಿದವನು ಹತ್ತು ವರ್ಷದ್ದನ್ನು ಕೂಡಿಟ್ಟ ಮೇಲೆ, ಬರದ ಭಯ ಹೋಗಿ, ಕೂಡಿಟ್ಟದ್ದು ಕರಗುವ ಭಯ ಬರುತ್ತದೆ. ಭಯವೂ ಪರಿಗ್ರಹವೇ ಎಂದು ಶಾಸ್ತ್ರವು ಏಕೆ ಎಣಿಸಿತೆಂಬುದು ಇಲ್ಲಿ ತಿಳಿಯುತ್ತದೆ.

ಎರಡನೆಯ ಬಾಗಿಲನ್ನು ತಿಳಿಯಬೇಕಾದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೆನೆಯಬಹುದು. ಆ ಸೀಮೆಯ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಸುಮಾರು 25 ದಿನ ಹಿಪ್ಪುನೇರಳೆಯ ಸೊಪ್ಪನ್ನು ತಿನ್ನುತ್ತದೆ. ಅದು ತಿನ್ನುವ ಸದ್ದು ಮಳೆ ಬಿದ್ದಂತೆ ಕೇಳುತ್ತದೆ. ಆದರೂ ಆ ಜೀವಿಯು ನಾಲ್ಕು ಬಾರಿ ಮೇವನ್ನು ಬಿಟ್ಟು ತಲೆಯೆತ್ತಿ ಸುಮ್ಮನಿರುತ್ತದೆ; ಇದನ್ನು ರೈತರು 'ಜ್ವರ' ಎನ್ನುತ್ತಾರೆ, ಆ ಹೊತ್ತಿನಲ್ಲಿ ಸೊಪ್ಪು ಹಾಕುವುದಿಲ್ಲ. ಕೊನೆಗೆ ಹಣ್ಣಾದ ಹುಳು ತಿನ್ನುವುದನ್ನೇ ನಿಲ್ಲಿಸಿ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ತಿರ್ಯಂಚ ಜೀವಿಗೂ ಒಂದು ಮಿತಿ ಇದೆಯೆಂಬುದು ಇಲ್ಲಿ ಕಾಣುತ್ತದೆ. (ಆ ಗೂಡಿನ ನೂಲಿಗಾಗಿ ಒಳಗಿನ ಜೀವವು ಬಿಸಿಯಲ್ಲಿ ಅಳಿಯುವುದೆಂಬುದನ್ನು ಅಹಿಂಸಾವ್ರತಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ, ಪೂಜೆಗೆ ಯಾವ ಬಟ್ಟೆ ಉಡಬೇಕೆಂಬುದನ್ನು ಶ್ರಾವಕರು ತಾವೇ ಯೋಚಿಸಲಿ.) ಗೂಡು ಬಲಿತ ಮೇಲೆ ರೈತನು ಅದನ್ನು ಬಹಳ ದಿನ ಇಟ್ಟುಕೊಳ್ಳುವಂತಿಲ್ಲ, ತಡವಾದರೆ ಚಿಟ್ಟೆ ಗೂಡನ್ನು ಸೀಳಿ ಹೊರಬರುತ್ತದೆ, ನೂಲು ಕೆಡುತ್ತದೆ. ಆದುದರಿಂದ ಆ ದಿನದ ಹರಾಜಿನ ಬೆಲೆಗೆ ಕೊಟ್ಟು ಬರಬೇಕು. ಇಂದು ಕೊಟ್ಟು ಮನೆಗೆ ಬಂದವನಿಗೆ ನಾಳೆ ಬೆಲೆ ಏರಿತೆಂದು ತಿಳಿದರೆ ಏನಾಗುತ್ತದೆ? ಅವನ ಜೇಬಿನಲ್ಲಿರುವ ಹಣ ಒಂದು ರೂಪಾಯಿಯೂ ಕಡಮೆಯಾಗಿಲ್ಲ. ಸಾಲ ತೀರಿದೆ, ಮುಂದಿನ ಬೆಳೆಗೆ ಮೊಟ್ಟೆಯ ಖರ್ಚು ಒದಗಿದೆ. ಆದರೂ ಆ ರಾತ್ರಿ ಅವನಿಗೆ ಊಟ ಸೇರುವುದಿಲ್ಲ.

ಈ ಊಟ ಸೇರದಿರುವಿಕೆಗೆ ರತ್ನಕರಂಡಕದಲ್ಲಿ ಒಂದು ಹೆಸರಿದೆ. ಅಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳು ಐದೆಂದು ಹೇಳಲ್ಪಟ್ಟಿವೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ. ಎತ್ತುಗಳು ಸುಖವಾಗಿ ನಡೆಯಬಲ್ಲ ದೂರವನ್ನು ಮೀರಿ ನಡೆಸುವುದು ಮೊದಲನೆಯದು. ಮುಂದೆ ಬೆಲೆ ಬಂದೀತೆಂದು ಧಾನ್ಯವನ್ನು ಮಿತಿಮೀರಿ ಕೂಡಿಡುವುದು ಎರಡನೆಯದು. ಒಳ್ಳೆಯ ಬೆಲೆ ದೊರೆತರೂ ಇನ್ನೂ ಬೇಕೆನ್ನುವುದು ನಾಲ್ಕನೆಯದು. ಹೆಚ್ಚಿನ ಹೊರೆ ಹೇರುವುದು ಐದನೆಯದು. ನಡುವಿನ ವಿಸ್ಮಯವೆಂಬುದು ವಿಚಿತ್ರವಾದುದು. ವ್ಯಾಖ್ಯಾನಕಾರರಾದ ಪ್ರಭಾಚಂದ್ರರು ವಿವರಿಸುವಂತೆ, ತಾನು ನ್ಯಾಯವಾದ ಲಾಭಕ್ಕೆ ಮಾರಿದ ಸರಕಿಗೆ, ಅಥವಾ ತಾನು ಕೊಂಡೇ ಇರದಿದ್ದ ಸರಕಿಗೆ, ಆಮೇಲೆ ಹೆಚ್ಚು ಬೆಲೆ ಬಂದಿತೆಂದು ಕೇಳಿ ಅತಿಯಾಗಿ ದುಃಖಿಸುವುದು ವಿಸ್ಮಯ. ಕಳೆದುಕೊಂಡುದಕ್ಕಾಗಿ ಅಲ್ಲ, ಎಂದೂ ತನ್ನದಾಗಿರದಿದ್ದುದಕ್ಕಾಗಿ ಪಡುವ ಶೋಕ! ಇದನ್ನು ವ್ರತದ ದೋಷವೆಂದು ಗುರುತಿಸಿದ ಆಚಾರ್ಯರು ಸಂತೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಇತ್ತೀಚಿನ ವರ್ಷಗಳಲ್ಲಿ ಈ ವಿಸ್ಮಯವು ಗೂಡಿನ ಮಾರುಕಟ್ಟೆಯಿಂದ ಹೊಲಗಳಿಗೆ ಹಬ್ಬಿದೆ. 118 ಕಿಲೋಮೀಟರ್ ಉದ್ದದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರಾಯಿತು. ಹೆಸರು ಬದಲಾದರೆ ಭೂಮಿಗೆ ಬೆಲೆ ಬರುವುದೆಂಬ ಮಾತು ಆಗ ಬಹಿರಂಗವಾಗಿಯೇ ಕೇಳಿಬಂದಿತು. ಮಣ್ಣು ಅದೇ, ಅದರಲ್ಲಿ ಬೆಳೆಯುವ ರಾಗಿಯೂ ಅದೇ, ರಾಗಿಯನ್ನು ಉಣ್ಣುವ ಹೊಟ್ಟೆಯೂ ಅದೇ. ಹೆಚ್ಚಾದದ್ದು ಇಚ್ಛೆಯೊಂದೇ. ಇಪ್ಪತ್ತು ವರ್ಷದ ಹಿಂದೆ ಮಗಳ ಮದುವೆಗೆಂದು ಒಂದು ಎಕರೆ ಮಾರಿದವನು ಇಂದು ಆ ಹೊಲದ ಮುಂದೆ ಬಸ್ಸಿನಲ್ಲಿ ಹೋಗುವಾಗ ಮುಖ ತಿರುಗಿಸುತ್ತಾನೆ. ಆ ಎಕರೆಯಿಂದ ಮಗಳ ಮದುವೆಯಾಯಿತು, ಮೊಮ್ಮಕ್ಕಳಾದರು. ಅದು ಅವನ ಲೆಕ್ಕಕ್ಕೆ ಬರುವುದಿಲ್ಲ.

ಇದು ಬಡವನ ಮಾತಾಯಿತು. ಯಾವ ಕೊರತೆಯೂ ಇಲ್ಲದವನಿಗೆ ಏನಾಗುತ್ತದೆಂಬುದನ್ನು ಆದಿಪುರಾಣವು ಹೇಳುತ್ತದೆ. ಜಿನಸೇನಾಚಾರ್ಯರ ಸಂಸ್ಕೃತದಲ್ಲಿಯೂ 941ರಲ್ಲಿ ಮುಗಿದ ಪಂಪನ ಕನ್ನಡದಲ್ಲಿಯೂ ಆ ಪ್ರಸಂಗ ಇದೆ. ದಿಗ್ವಿಜಯವನ್ನು ಮುಗಿಸುತ್ತ ಭರತ ಚಕ್ರವರ್ತಿಯು ವೃಷಭಾಚಲಕ್ಕೆ ಬಂದನು. ನವನಿಧಿಗಳೂ ಹದಿನಾಲ್ಕು ರತ್ನಗಳೂ ಅವನಲ್ಲಿದ್ದವು. ಅವನಿಗೆ ಬೇಕಾಗಿದ್ದುದು ತನ್ನ ಹೆಸರನ್ನು ಆ ಬೆಟ್ಟದ ಮೇಲೆ ಕೆತ್ತಿಸುವುದೊಂದೇ. ಕಾಕಿಣೀರತ್ನವನ್ನು ಹಿಡಿದು ನೋಡುತ್ತಾನೆ: ಬರೆಯಲು ಸ್ಥಳವಿಲ್ಲ. ಹಿಂದೆ ಆಗಿಹೋದ ಚಕ್ರವರ್ತಿಗಳ ಹೆಸರುಗಳು ಕಲ್ಲಿನ ತುಂಬ ಇದ್ದವು. ತಾನೊಬ್ಬನೇ ಎಂದುಕೊಂಡಿದ್ದವನ ಗರ್ವ ಅಲ್ಲಿ ಮುರಿಯಿತು. ಆದರೂ ಅವನು ಹಿಂದಿರುಗಲಿಲ್ಲ. ಹಿಂದಿನವನೊಬ್ಬನ ಹೆಸರನ್ನು ಅಳಿಸಿ, ಆ ಸ್ಥಳದಲ್ಲಿ ತನ್ನದನ್ನು ಬರೆಸಿದನು. ಗರ್ವ ಮುರಿದ ಮೇಲೂ ಕೈ ನಿಲ್ಲಲಿಲ್ಲವೆಂಬುದೇ ಈ ಕಥೆಯ ಮರ್ಮ. ಅದೇ ಭರತನು ಊರಿಗೆ ಮರಳಿ, ತಮ್ಮನಾದ ಬಾಹುಬಲಿಯ ಪೌದನಪುರವೊಂದು ತನ್ನ ಆಜ್ಞೆಗೆ ಸೇರಲಿಲ್ಲವೆಂದು ಯುದ್ಧಕ್ಕೆ ನಿಂತುದು ಎಲ್ಲರಿಗೂ ತಿಳಿದ ಕಥೆ. ಷಟ್ಖಂಡದ ಒಡೆಯನಿಗೆ ಪೌದನಪುರದ ಕಂದಾಯದಿಂದ ಆಗಬೇಕಾದುದೇನೂ ಇರಲಿಲ್ಲ. ಇದಕ್ಕೆ ಮಾನವೆಂದು ಹೆಸರು. ದೊಡ್ಡ ಧನಿಕರಲ್ಲಿ ಭಯವೂ ಲೋಭವೂ ಎಷ್ಟೋ ವೇಳೆ ಸತ್ತುಹೋಗಿರುತ್ತವೆ, ಮಾನವು ಮಾತ್ರ ಬದುಕಿದ್ದು ಅವರನ್ನು ದುಡಿಸುತ್ತದೆ.

ಹೆಸರನ್ನು ಕಲ್ಲಿಗೆ ಒಪ್ಪಿಸುವವರು ರಾಮನಗರದ ಬಂಡೆಗಳನ್ನು ನೋಡಿ ಬರಬಹುದು. ಭೂವಿಜ್ಞಾನಿಗಳು ಆ ಶಿಲೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಶಿಲೆಗೆ ಆ ಹೆಸರು ಬಂದುದು ಊರಿನಿಂದ. ಊರಿಗೆ ಬಂದುದು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯಿಂದ. ಅದಕ್ಕೆ ಮೊದಲು ಟಿಪ್ಪುವಿನ ಕಾಲದಲ್ಲಿ ಅದು ಶಂಸೇರಾಬಾದ್ ಆಗಿತ್ತು, ಅನಂತರ ರಾಮನಗರವಾಯಿತು. ಕಲ್ಲು ಯಾವ ಹೆಸರಿಗೂ ಓಗೊಟ್ಟಿಲ್ಲ. ಈಗ ಕನಕಪುರದ ಕಡೆ ಅದೇ ಜಾತಿಯ ಬಂಡೆಗಳನ್ನು ಸೀಳಿ, ಚಪ್ಪಡಿಯಾಗಿ ಕೊಯ್ದು, ನುಣುಪು ಮಾಡಿ ದೂರದ ಊರುಗಳ ಮನೆಗಳಿಗೆ ಹಾಸುತ್ತಾರೆ. ಬಹು ಆರಂಭ, ಬಹು ಪರಿಗ್ರಹಗಳು ನರಕಾಯುವಿನ ಆಸ್ರವಕ್ಕೂ, ಅಲ್ಪಾರಂಭ, ಅಲ್ಪ ಪರಿಗ್ರಹಗಳು ಮನುಷ್ಯಾಯುವಿನ ಆಸ್ರವಕ್ಕೂ ಕಾರಣವೆಂದು ಉಮಾಸ್ವಾಮಿಗಳು ಒಂದೇ ಅಧ್ಯಾಯದಲ್ಲಿ ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಪರಿಗ್ರಹದೊಡನೆ ಆರಂಭವನ್ನು, ಅಂದರೆ ಜೀವಿಗಳಿಗೆ ನೋವಾಗುವ ಉದ್ಯೋಗವನ್ನು, ಜೊತೆಮಾಡಿಯೇ ಹೇಳಿದ್ದಾರೆ. ಒಂದು ಮನೆಗೆ ಬೇಕಾದ ಕಲ್ಲಿಗೆ ಬೆಟ್ಟವನ್ನು ಉರುಳಿಸಬೇಕಾಗಿಲ್ಲ. ಬೆಟ್ಟ ಉರುಳುವುದು ಹೆಚ್ಚುವರಿಗಾಗಿ.

ಇನ್ನು ಶ್ಮಶ್ರುನವನೀತನ ಕಥೆ. ಐದು ಪಾಪಗಳಿಗೆ ಐವರು ಪ್ರಸಿದ್ಧರೆಂದು ಸಮಂತಭದ್ರರು ಹೆಸರಿಸಿದಾಗ, ಪರಿಗ್ರಹಕ್ಕೆ ಚಕ್ರವರ್ತಿಯನ್ನಾಗಲಿ ಕೋಟ್ಯಧೀಶನನ್ನಾಗಲಿ ಆರಿಸಲಿಲ್ಲ. ಮೀಸೆಯಲ್ಲಿ ಬೆಣ್ಣೆ ಅಂಟಿಸಿಕೊಂಡ ಒಬ್ಬ ದರಿದ್ರನನ್ನು ಆರಿಸಿದರು. ಪ್ರಭಾಚಂದ್ರರ ವ್ಯಾಖ್ಯಾನದಲ್ಲಿ ಅವನ ವೃತ್ತಾಂತವಿದೆ. ಅಯೋಧ್ಯೆಯ ವರ್ತಕನ ಮಗ ಲುಬ್ಧದತ್ತ. ವ್ಯಾಪಾರಕ್ಕೆ ಹೋಗಿ ಗಳಿಸಿದುದನ್ನೆಲ್ಲ ದಾರಿಯಲ್ಲಿ ಕಳ್ಳರಿಗೆ ಕಳೆದುಕೊಂಡು, ಬರಿಗೈಯಲ್ಲಿ ಮರಳುವಾಗ ಗೋವಳರಲ್ಲಿ ಮಜ್ಜಿಗೆ ಬೇಡಿ ಕುಡಿದನು. ಕುಡಿದ ಮೇಲೆ ಮೀಸೆಯನ್ನು ಸವರಿಕೊಂಡರೆ ಕೈಗೆ ಬೆಣ್ಣೆಯ ಕಣ ಹತ್ತಿತು. ಇದರಿಂದಲೇ ವ್ಯಾಪಾರ ಮಾಡುವೆನೆಂದು ಅಲ್ಲಿಯೇ ನೆಲಸಿ, ದಿನವೂ ಮಜ್ಜಿಗೆ ಕುಡಿದು ಮೀಸೆಯ ಬೆಣ್ಣೆಯನ್ನು ಕೂಡಿಸತೊಡಗಿದನು. ಜನರು ಅವನನ್ನು ಶ್ಮಶ್ರುನವನೀತನೆಂದು ಕರೆದರು. ಒಂದು ಪ್ರಸ್ಥದಷ್ಟು ತುಪ್ಪವಾಯಿತು. ಮಾಗಿಯ ಒಂದು ರಾತ್ರಿ ಹುಲ್ಲಿನ ಗುಡಿಸಲಿನ ಬಾಗಿಲಲ್ಲಿ ಬೆಂಕಿ ಹಾಕಿಕೊಂಡು, ತುಪ್ಪದ ಗಡಿಗೆಯನ್ನು ಕಾಲ ದೆಸೆಯಲ್ಲಿಟ್ಟು ಮಲಗಿದನು. ಈ ತುಪ್ಪವನ್ನು ಮಾರಿ ಸರಕು ಕೊಳ್ಳುವೆನು, ಸಾರ್ಥವಾಹನಾಗುವೆನು, ಸಾಮಂತನಾಗುವೆನು, ರಾಜನಾಗುವೆನು, ಚಕ್ರವರ್ತಿಯಾಗುವೆನು. ಏಳು ನೆಲೆಯ ಉಪ್ಪರಿಗೆಯಲ್ಲಿ ಸ್ತ್ರೀರತ್ನವು ಕಾಲೊತ್ತುವಾಗ, 'ಕಾಲೊತ್ತಲು ನಿನಗೆ ಬಾರದು' ಎಂದು ಸಲಿಗೆಯಿಂದ ಒದೆಯುವೆನು. ಹೀಗೆ ನೆನೆಯುತ್ತ ಒದ್ದೇಬಿಟ್ಟನು. ಗಡಿಗೆ ಉರುಳಿ ತುಪ್ಪ ಬೆಂಕಿಗೆ ಬಿದ್ದಿತು. ಬಾಗಿಲಲ್ಲಿಯೇ ಉರಿ ಎದ್ದುದರಿಂದ ಹೊರಬರಲಾರದೆ ಬೆಂದು ಸತ್ತು ದುರ್ಗತಿಗೆ ಹೋದನು.

ಇವನಲ್ಲಿದ್ದ ಆಸ್ತಿ ಒಂದು ಗಡಿಗೆ ತುಪ್ಪ. ಪರಿಗ್ರಹವು ಶ್ರೀಮಂತರ ವಿಷಯ, ಅಲ್ಪಸಂಬಳದ ಗೃಹಸ್ಥನಿಗೆ ಈ ವ್ರತವು ಬೇಡವೆನ್ನುವವರಿಗೆ ಸಮಂತಭದ್ರರು ಈ ಒಂದು ಹೆಸರಿನಿಂದಲೇ ಉತ್ತರವನ್ನು ಇಟ್ಟಿದ್ದಾರೆ.

ಮಕ್ಕಳಿಗಾಗಿ ಎಂಬ ಮಾತು ಉಳಿಯಿತು. ಅದು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಕಾರಣ. ಮಕ್ಕಳ ಅನ್ನ, ವಿದ್ಯೆ, ಮನೆ ಇವು ಬೇಕಾದುದರ ಒಳಗೇ ಸೇರುತ್ತವೆ. ಅದನ್ನು ಲೆಕ್ಕದಲ್ಲಿ ಹಿಡಿದೇ ಮಿತಿಯನ್ನು ಇಟ್ಟುಕೊಳ್ಳತಕ್ಕದ್ದು. ಅದರಾಚೆಗೆ ಮಕ್ಕಳ ಹೆಸರು ನೆಪವಾಗುತ್ತದೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಬೊಂಬೆಗಳನ್ನು ಮಾಡುತ್ತಾರೆ. ಹತ್ತು ಬೊಂಬೆಗಳನ್ನು ಮುಂದಿಟ್ಟುಕೊಂಡ ಮಗು ಪಕ್ಕದ ಮಗುವಿನ ಕೈಯಲ್ಲಿರುವ ಹನ್ನೊಂದನೆಯದಕ್ಕಾಗಿ ಅಳುವುದನ್ನು ತಾಯಂದಿರೆಲ್ಲ ಬಲ್ಲರು. ಆಗ ಮಗುವನ್ನು ಗದರಿಸುವ ತಂದೆ, ಸಂಜೆ ದಲ್ಲಾಳಿಯನ್ನು ಕಾಣಹೋಗುತ್ತಾನೆ.

ವ್ರತವನ್ನು ತೆಗೆದುಕೊಂಡವರ ಮನೆಯಲ್ಲಿಯೂ ಅಪಾಯವಿಲ್ಲವೆಂದಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ತಾವೂ ಗೃಹಸ್ಥರಾಗಿದ್ದುದರಿಂದ ಗೃಹಸ್ಥರ ಉಪಾಯಗಳನ್ನು ಬಲ್ಲವರಾಗಿದ್ದರು. ಸಾಗಾರಧರ್ಮಾಮೃತದಲ್ಲಿ ಅವರು ಎಚ್ಚರಿಸುವ ರೀತಿಯನ್ನು ನೋಡಬೇಕು. ಒಂದೇ ಹೊಲವೆಂದು ಮಿತಿಯಿಟ್ಟವನು ಪಕ್ಕದ ಹೊಲವನ್ನು ಕೊಂಡು, ನಡುವಿನ ಬದುವನ್ನು ಒಡೆದು, ಎರಡನ್ನೂ ಒಂದೆನ್ನುತ್ತಾನೆ. ಧಾನ್ಯದ ಮಿತಿ ತುಂಬಿದವನು ಇನ್ನಷ್ಟು ಕೊಂಡು, ಕಟ್ಟಿಸಿ, ಮಾರಿದವನ ಮನೆಯಲ್ಲಿಯೇ ಬಿಟ್ಟಿರುತ್ತಾನೆ. ಅವಧಿ ಮುಗಿದ ಮೇಲೆ ತರುವನು. ಚಿನ್ನ ಹೆಚ್ಚಾದರೆ ಮತ್ತೊಬ್ಬರ ಕೈಗೆ ಕೊಟ್ಟು, ಹಿಂದಕ್ಕೆ ಪಡೆಯುವ ಆಸೆಯನ್ನು ಉಳಿಸಿಕೊಳ್ಳುತ್ತಾನೆ. ಪಾತ್ರೆಗಳ ಸಂಖ್ಯೆ ಮೀರಿದರೆ ಎರಡನ್ನು ಕರಗಿಸಿ ಒಂದು ದೊಡ್ಡದನ್ನು ಮಾಡಿಸುತ್ತಾನೆ. ಹಸುಗಳ ಲೆಕ್ಕದಲ್ಲಿ ಗರ್ಭದೊಳಗಿನ ಕರುವನ್ನು ಬಿಟ್ಟುಬಿಡುತ್ತಾನೆ. ಏಳುನೂರು ವರ್ಷ ಕಳೆದರೂ ಈ ಪಟ್ಟಿಯಲ್ಲಿ ಬದಲಾಯಿಸಬೇಕಾದುದು ಕಾಗದಗಳ ಹೆಸರು ಮಾತ್ರ. ಮುಂಗಡ ಕೊಟ್ಟು, ಕರಾರುಪತ್ರ ಬರೆಯಿಸಿ, ನೋಂದಣಿಯನ್ನು ಮುಂದೂಡಿದ ನಿವೇಶನವು ಮಾರಿದವನ ಮನೆಯಲ್ಲಿ ಬಿಟ್ಟ ಧಾನ್ಯವೇ. ಭಾವಮೈದುನನ ಹೆಸರಿನಲ್ಲಿರುವ ಪಹಣಿಯು ಮತ್ತೊಬ್ಬರ ಕೈಗೆ ಕೊಟ್ಟ ಚಿನ್ನವೇ. ಇಲ್ಲಿ ವ್ರತವು ಮುರಿಯಲಿಲ್ಲವೆಂದು ಅವನಿಗೆ ತೋರುತ್ತದೆ. ಮಾಯೆಯು ಮೊದಲು ಮೋಸಮಾಡುವುದು ಸರ್ಕಾರವನ್ನಲ್ಲ, ವ್ರತಿಯನ್ನೇ.

ಪ್ರಾಮಾಣಿಕನಿಗೂ ಒಂದು ನಿಜವಾದ ತೊಡಕು ಇದೆ. ಹಿಂದೆ ಒಬ್ಬನು ನಾಲ್ಕು ಎಕರೆ, ಒಂದು ಮನೆ, ಇಷ್ಟು ತೊಲ ಚಿನ್ನ, ಇಷ್ಟು ನಗದು ಎಂದು ಮಿತಿಯನ್ನು ಇಟ್ಟುಕೊಂಡಿದ್ದನೆಂದು ಭಾವಿಸಬಹುದು. ಈಗ ಆ ನಾಲ್ಕು ಎಕರೆಗೆ ಅವನು ಕನಸಿನಲ್ಲಿಯೂ ಎಣಿಸದ ಬೆಲೆ ಬಂದಿದೆ. ವ್ರತ ಕೆಟ್ಟಿತೆ? ಕೆಡಲಿಲ್ಲ, ಅವನು ಕ್ಷೇತ್ರವನ್ನು ವಿಸ್ತಾರದಿಂದ ಅಳೆದಿದ್ದನು, ವಿಸ್ತಾರ ಬೆಳೆದಿಲ್ಲ. ಉಳುವ ತನಕ ಅವನು ನಿರ್ದೋಷಿ. ಆದರೆ ಮಾರಿದ ದಿನ ಕ್ಷೇತ್ರವು ಧನವಾಗುತ್ತದೆ, ಧನಕ್ಕೆ ಬೇರೆ ಮಿತಿ ಇದೆ. ಆ ಮಿತಿಯನ್ನು ಮೀರಿದ ಭಾಗ ಅವನ ಕೈಯಲ್ಲಿದ್ದರೂ ಅವನದಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಿಗೆ ಅದು ಸಲ್ಲತಕ್ಕದ್ದು. ಇದು ಕಠಿಣವಾದ ಮಾತು. ಕಾಲ ಬದಲಾಯಿತು, ಆಸ್ಪತ್ರೆಯ ಖರ್ಚು ಆಗಿನಂತಿಲ್ಲ, ಮಿತಿಯನ್ನು ತಿದ್ದಿಕೊಳ್ಳುವುದು ತಪ್ಪೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಗುರುಗಳ ಮುಂದೆ ಇಟ್ಟು, ಅವರು ಹೇಳಿದ ಪ್ರಾಯಶ್ಚಿತ್ತವನ್ನು ಒಪ್ಪಿಕೊಳ್ಳುವುದು ಒಂದು. ಮಾರಾಟವಾದ ರಾತ್ರಿ ಮನಸ್ಸಿನಲ್ಲಿಯೇ ಅಂಕೆಯನ್ನು ತಿದ್ದಿಕೊಳ್ಳುವುದು ಇನ್ನೊಂದು.

ಆದುದರಿಂದ ಮಿತಿಯನ್ನು ಬೆಲೆ ಬರುವ ಮೊದಲೇ ಗೊತ್ತುಮಾಡಬೇಕು. ಮುನಿಗಳು ಆಹಾರಕ್ಕೆ ಹೊರಡುವ ಮೊದಲು ಇಷ್ಟೇ ಮನೆ, ಇಂತಹ ದಾನಿ ಎಂದು ಮನಸ್ಸಿನಲ್ಲಿ ಸಂಕಲ್ಪಿಸುವ ವೃತ್ತಿಪರಿಸಂಖ್ಯಾನವು ಈ ಜಾತಿಯದೇ. ಎಲೆಯನ್ನು ಕಂಡ ಮೇಲೆ ಯಾರೂ ಸಂಕಲ್ಪ ಮಾಡುವುದಿಲ್ಲ. ಗೃಹಸ್ಥನಿಗೆ ಶಾಸ್ತ್ರವು ಎಷ್ಟು ಉದಾರವಾಗಿದೆಯೆಂದರೆ, ಸಂಖ್ಯೆ ಎಷ್ಟೆಂದು ಅದು ಹೇಳುವುದೇ ಇಲ್ಲ. ಇಂದು ಇರುವುದಕ್ಕಿಂತ ಹೆಚ್ಚಿನದನ್ನು ಮಿತಿಯಾಗಿ ಇಟ್ಟುಕೊಂಡರೂ ಅದು ವ್ರತವೇ, ಏಕೆಂದರೆ ಕೊನೆಯಿಲ್ಲದುದಕ್ಕೆ ಒಂದು ಕೊನೆಯಾಯಿತು. ಜೀವನಪರ್ಯಂತದ ಯಮಕ್ಕೆ ಧೈರ್ಯ ಸಾಲದವರು ಕಾಲಾವಧಿಯ ನಿಯಮವನ್ನು ಹಿಡಿಯಬಹುದು. ಈ ದಶಲಕ್ಷಣ ಪರ್ವದಿಂದ ಮುಂದಿನ ದಶಲಕ್ಷಣ ಪರ್ವದ ತನಕ ಎಂದರೂ ಸಾಕು.

ಅನಂತ ಚತುರ್ದಶಿಯ ಮಧ್ಯಾಹ್ನ, ಉಪವಾಸದಿಂದ ದೇಹವು ಹಗುರವಾಗಿದ್ದು ಅಂಗಡಿಯ ಬಾಗಿಲು ಮುಚ್ಚಿರುವ ಹೊತ್ತು ಇದಕ್ಕೆ ಒಳ್ಳೆಯದು. ಒಂದು ಹಾಳೆಯಲ್ಲಿ ಕ್ಷೇತ್ರ, ಮನೆ, ಬೆಳ್ಳಿ, ಚಿನ್ನ, ಹಣ, ಧಾನ್ಯ, ವಾಹನ, ಬಟ್ಟೆ, ಪಾತ್ರೆ ಎಂದು ಸಾಲಾಗಿ ಬರೆದು, ಪ್ರತಿಯೊಂದರ ಎದುರಿಗೂ ಇರುವುದೆಷ್ಟು, ಇರಬಹುದಾದುದೆಷ್ಟು ಎಂದು ಎರಡು ಅಂಕೆಗಳನ್ನು ಹಾಕಬೇಕು. ಕೊನೆಯಲ್ಲಿ ಆಶಾಧರರಿಗಾಗಿ ಇನ್ನೊಂದು ಸಾಲು ಬೇಕು: ಬೇರೆಯವರ ಹೆಸರಿನಲ್ಲಿರುವ ತನ್ನವು. ಆ ಹಾಳೆಯನ್ನು ಗೃಹಿಣಿಯ ಮುಂದೆ ಗಟ್ಟಿಯಾಗಿ ಓದಬೇಕು. ಮರೆತ ಒಡವೆಯೋ ಗುಂಟೆಯೋ ಇದ್ದರೆ ಆಕೆ ಜ್ಞಾಪಿಸುವಳು. ಅನಂತರ ಮಡಿಸಿ ಸ್ವಾಧ್ಯಾಯದ ಪುಸ್ತಕದೊಳಗೆ ಇಟ್ಟು, ಬರುವ ವರ್ಷ ಅದೇ ಚತುರ್ದಶಿಯ ದಿನ, ಪಾರಣೆಗೆ ಇನ್ನೂ ಒಂದು ರಾತ್ರಿ ಇರುವಾಗಲೇ ಹೊರತೆಗೆದು ನೋಡತಕ್ಕದ್ದು.